ಮಗಳ ಮೊದಲ ರೇಸ್ ಸೈಕಲ್: ಹೊಸ ಅಲ್ಯೂಮಿನಿಯಮ್ಮೋ, ಹಳೇ ಕಾರ್ಬನ್ನೋ?

ಚಿಕ್ಕಮಗಳೂರಿನಲ್ಲಿ ಸಪಾಟಾದ ರಸ್ತೆ ಕಡಿಮೆ. ಕಡೂರು ಕಡೆ ಹೊರಟರೆ ಸಖರಾಯಪಟ್ಟಣದವರೆಗೂ ಸಲೀಸು. ಆದರೆ ಕಡೂರು ನಮ್ಮೂರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಹೋಗುವಾಗ ಹಾಯಾಗಿ ಇಳಿದದ್ದನ್ನೆಲ್ಲ ಬರುವಾಗ ತುಳಿದೇ ಹತ್ತಬೇಕು. ಇನ್ನೊಂದು ಕಡೆ ಕೈಮರ ದಾಟಿದರೆ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್. ಊರು ಇರುವುದು ಹೆಚ್ಚುಕಡಿಮೆ 1090 ಮೀಟರ್ ಎತ್ತರದಲ್ಲಿ. ಬಯಲುಸೀಮೆಯವರಿಗೆ ಒಳ್ಳೆಯದಾದ ರೇಸ್ ಸೈಕಲ್ ಇಲ್ಲಿಗೂ ಒಳ್ಳೆಯದೇ ಆಗಬೇಕು ಅಂತೇನಿಲ್ಲ.

ಮಗಳಿಗೆ 15 ವರ್ಷ. ಎತ್ತರ 160 ಸೆಂ.ಮೀ., ತೂಕ 50 ಕೆಜಿ. ರೋಡ್ ರೇಸ್ ಓಡಿಸಲೇಬೇಕು ಅಂತ ಹಠ. ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೂ ಮೂರು ಸೈಕಲ್‌ಗಳನ್ನು ಸರದಿಯಲ್ಲಿ ಓಡಿಸಿ ನೋಡಿದೆವು. ಓಡಿಸಿದ್ದು ಅವಳು ಜಾಸ್ತಿ, ತೊಳೆದು ಬಿಚ್ಚಿ ಜೋಡಿಸಿದ್ದು ನಾನು ಜಾಸ್ತಿ.

ಮೊದಲನೆಯದು ಮನೆಯಲ್ಲೇ ಇದ್ದ ಹೈಬ್ರಿಡ್. ನೇರ ಹ್ಯಾಂಡಲ್, ದಪ್ಪ ಟೈರು, ಮುಂದೆ ಮೂರು, ಹಿಂದೆ ಏಳು ಗೇರು. ಎರಡನೆಯದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್. ಶಿಮಾನೋ ಕಂಪನಿಯ ಆರಂಭದ ದರ್ಜೆಯ ಕ್ಲಾರಿಸ್ ಗೇರು, ಮುಂದೆ ಎರಡು, ಹಿಂದೆ ಎಂಟು. ಕೇಬಲ್ಲಿನ ಡಿಸ್ಕ್ ಬ್ರೇಕ್, 28 ಮಿ.ಮೀ. ಟೈರು, 11 ಕೆಜಿ. ಇದು ಮಗಳ ಜೊತೆ ಓಡಿಸುವ ಹುಡುಗಿಯದು. ಅವಳು ನೀಟ್ ಕೋಚಿಂಗಿಗೆ ಮಂಗಳೂರಿಗೆ ಹೋದಾಗ ಸೈಕಲ್ ನಮ್ಮಲ್ಲೇ ಉಳಿಯಿತು. ಮೂರನೆಯದು ಬೆಂಗಳೂರಿನಲ್ಲಿರುವ ನನ್ನ ತಮ್ಮನದು. ಕಾರ್ಬನ್ ಫ್ರೇಮು, ಶಿಮಾನೋದವರದೇ ಮೇಲಿನ ದರ್ಜೆಯ 105 ಗೇರು, ಹಿಂದೆ 11, ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್, 25 ಮಿ.ಮೀ. ಟೈರು, 8.5 ಕೆಜಿ. ಅವನು ಹೇಳಿದ ಬೆಲೆಯೂ ಹೊಸ ಕ್ಲಾರಿಸ್ ಬೈಕಿನ ಬೆಲೆಯೂ ಹತ್ತಿರಹತ್ತಿರ ಒಂದೇ. ಹಾಗಾಗಿ ದುಡ್ಡಿನ ಮಾತು ಪಕ್ಕಕ್ಕಿಟ್ಟು ಹೋಲಿಸಬಹುದಿತ್ತು.

ಹೈಬ್ರಿಡ್ ವಿಷಯ ಬೇಗ ಮುಗಿಸುತ್ತೇನೆ. ಒಳ್ಳೆಯ ಸೈಕಲ್. ತೋಟದ ರಸ್ತೆ, ಜಲ್ಲಿ ಎದ್ದ ಟಾರು, ಸಂತೆ, ಟ್ಯೂಷನ್ ಎಲ್ಲಕ್ಕೂ ಆಗುತ್ತದೆ. ಮಕ್ಕಳಿಗೆ ನಿಜವಾಗಿ ಆಸಕ್ತಿ ಇದೆಯಾ ಅಂತ ತಿಳಿಯಲು ಇದರಲ್ಲೇ ಕೆಲವು ತಿಂಗಳು ಓಡಿಸಿ ನೋಡುವುದು ಸರಿ. ಆದರೆ ಕಡೂರು ರಸ್ತೆಯಲ್ಲಿ ಎದುರುಗಾಳಿ ಬೀಸಿದ ದಿನ ಕಷ್ಟ. ಬೆನ್ನು ನೆಟ್ಟಗಿರುತ್ತದೆ, ಗಾಳಿ ಎದೆಗೇ ಹೊಡೆಯುತ್ತದೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವಾಗ ಮಗಳು ಹಿಂದೆ ಬೀಳುತ್ತಿದ್ದಳು. ಜೊತೆಗೆ, ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮದಂತೆ ನಡೆಯುವ ರೋಡ್ ರೇಸಿಗೆ ಬಾಗಿದ ಹ್ಯಾಂಡಲ್ಲೇ ಬೇಕು. ರೇಸ್ ಓಡಿಸುವುದು ಖಚಿತ ಅಂದ ಮೇಲೆ ಹೈಬ್ರಿಡ್ಡಿಗೆ ಹೊಸದಾಗಿ ದುಡ್ಡು ಹಾಕಬೇಡಿ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಮೊದಲ ವಾರ ಕಾರ್ಬನ್ನೇ ಮುಂದಿತ್ತು. ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಗೇರು ಬದಲಾಗುವ ಸದ್ದೇ ಕೇಳುವುದಿಲ್ಲ. ತಮ್ಮ ಅದನ್ನು ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದ. ಆದರೆ ಫ್ರೇಮ್ 54ರ ಸೈಜು, ಸುಮಾರು 170 ಸೆಂ.ಮೀ. ದಾಟಿದವರಿಗೆ ಹೊಂದುವಂಥದ್ದು. "ಅಕ್ಕಾ, ಬೆಳೆಯೋ ಹುಡುಗಿ, ಇನ್ನೆರಡು ವರ್ಷಕ್ಕೆ ಸರಿಹೋಗ್ತಾಳೆ ಬಿಡು" ಅಂದ. ಸ್ಕೂಲ್ ಯೂನಿಫಾರ್ಮ್ ಹೊಲಿಸುವಾಗಲೂ ನಮ್ಮಲ್ಲಿ ಇದೇ ಮಾತು ಅಲ್ವಾ? ಬಟ್ಟೆಯನ್ನಾದರೆ ಮಡಿಚಿ ಹೊಲಿಯಬಹುದು, ಫ್ರೇಮನ್ನು ಮಡಿಚಲು ಆಗಲ್ಲ.

ಸೀಟು ಪೂರ್ತಿ ಇಳಿಸಿದರೆ ಕಾಲೇನೋ ಪೆಡಲ್ಲಿಗೆ ಎಟುಕುತ್ತದೆ. ತೊಂದರೆ ಇರುವುದು ಮುಂದಕ್ಕೆ ಚಾಚುವ ದೂರದಲ್ಲಿ. ಅವಳ ಮೊಣಕೈ ಬಾಗುತ್ತಲೇ ಇರಲಿಲ್ಲ. ಬ್ರೇಕ್ ಇರುವ ಕಡೆ ಕೈ ಇಡುವ ಬದಲು ಹ್ಯಾಂಡಲ್ಲಿನ ನಡುಭಾಗ ಹಿಡಿಯುತ್ತಿದ್ದಳು. ಅರ್ಧ ಗಂಟೆಗೆ ಕತ್ತು ನೋವು. "ಅಮ್ಮಾ, ಸೈಕಲ್ ಸಕತ್ ಹಗುರ ಇದೆ, ಆದ್ರೆ ಬ್ರೇಕ್ ಕೈಗೆ ಸಿಗಲ್ಲ" ಅಂದಳು. ಇಳಿಜಾರಿನ ಊರಿನಲ್ಲಿ ಇದಕ್ಕಿಂತ ದೊಡ್ಡ ದೂರು ಬೇಕಾ? ಹ್ಯಾಂಡಲ್ಲನ್ನು ಸೈಕಲ್ಲಿಗೆ ಸೇರಿಸುವ ತುಂಡು, ಅಂದರೆ ಸ್ಟೆಮ್, 110 ಮಿ.ಮೀ.ಯದ್ದು ತೆಗೆದು 70ರದ್ದು ಹಾಕಿ ನೋಡಿದೆವು. ಕೈ ಎಟುಕಿತು, ಆದರೆ ವೇಗ ಬಂದಾಗ ಹ್ಯಾಂಡಲ್ ಸಣ್ಣ ಅಲುಗಾಟಕ್ಕೂ ತಿರುಗುತ್ತಿತ್ತು. ಸೀಟನ್ನು ಮುಂದಕ್ಕೆ ತಳ್ಳಿ ಸರಿಮಾಡುವ ಉಪಾಯ ಇನ್ನೂ ಕೆಟ್ಟದ್ದು, ಮಂಡಿಗೆ ಪೆಟ್ಟು.

ಅಲ್ಯೂಮಿನಿಯಂ ಬೈಕ್ 50ರ ಸೈಜು. ಹತ್ತಿ ಕೂತಾಗಲೇ ಮೊಣಕೈ ತಾನಾಗಿ ಬಾಗಿತು. ಬ್ರೇಕ್ ಲಿವರಿನಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್ಲಿಗೆ ಹತ್ತಿರ ಬರುತ್ತದೆ. ಸಣ್ಣ ಕೈಯವರು ಇದನ್ನು ಅಂಗಡಿಯಲ್ಲೇ ಹೇಳಿ ಮಾಡಿಸಿಕೊಳ್ಳಿ. ಸೀಟಿನ ಎತ್ತರಕ್ಕೆ ಹಳೆಯ ಲೆಕ್ಕವೊಂದು ಚೆನ್ನಾಗಿ ಕೆಲಸ ಮಾಡುತ್ತದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ, ತೊಡೆಸಂದಿಯಿಂದ ನೆಲದವರೆಗೆ ಅಳೆದು, 0.883ರಿಂದ ಗುಣಿಸಿ. ಪೆಡಲ್ ತೋಳುಗಳು ತಿರುಗುವ ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಬೇಕು. ಮಗಳಿಗೆ 74 ಸೆಂ.ಮೀ. ಬಂತು, ಸೀಟು 65ರ ಮೇಲೆ ಸ್ವಲ್ಪ. ಬೆಳೆದ ಹಾಗೆ ಸೀಟು ಏರಿಸಬಹುದು, ಸ್ಟೆಮ್ಮನ್ನು 80ರಿಂದ 100ಕ್ಕೆ ಬದಲಿಸಬಹುದು. ಹೆಣ್ಣುಮಕ್ಕಳು 15-16ಕ್ಕೆ ಹೆಚ್ಚುಕಡಿಮೆ ಪೂರ್ತಿ ಎತ್ತರ ಬಂದಿರುತ್ತಾರೆ, ಇಷ್ಟು ಅವಕಾಶ ಸಾಕು. ಗಂಡುಮಕ್ಕಳು 17-18ರವರೆಗೂ ಬೆಳೆಯುತ್ತಾರೆ. ಅವರ ಅಳತೆ ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನು ಆರಿಸಿ ಸಣ್ಣ ಸ್ಟೆಮ್ ಹಾಕಿಸಿ. ಅದಕ್ಕಿಂತ ದೊಡ್ಡದು ಬೇಡ.

ಇನ್ನು ಗೇರು. ಎರಡೂ ಬೈಕಿನಲ್ಲಿ ಮುಂದಿನ ಎರಡು ಚಕ್ರಗಳಿಗೆ 50 ಮತ್ತು 34 ಹಲ್ಲು. ವ್ಯತ್ಯಾಸ ಹಿಂದೆ. ಕಾರ್ಬನ್ನಿನಲ್ಲಿ ದೊಡ್ಡ ಹಲ್ಲಿನ ಚಕ್ರ 28ರದ್ದು, ಕ್ಲಾರಿಸ್‌ನಲ್ಲಿ 32. ಕೇಳಲು ಸಣ್ಣದು. ಲೆಕ್ಕ ಹಾಕಿದರೆ, ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದಾಗ ಕಾರ್ಬನ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ, ಕ್ಲಾರಿಸ್ 2.23. ನಿಮಿಷಕ್ಕೆ 60 ಸುತ್ತು ತುಳಿದರೆ ಕಾರ್ಬನ್ನಿನಲ್ಲಿ ಗಂಟೆಗೆ 9 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ವೇಗ ಬೇಕು, ಕ್ಲಾರಿಸ್‌ನಲ್ಲಿ 8 ಸಾಕು. ಸೀತಾಳಯ್ಯನಗಿರಿ ದಾರಿಯ ತಿರುವುಗಳಲ್ಲಿ ಮಗಳ ವೇಗ 8ರ ಆಸುಪಾಸೇ. ಅಲ್ಲಿ ಕ್ಲಾರಿಸ್‌ನಲ್ಲಿ ಕೂತೇ ತುಳಿಯುತ್ತಿದ್ದಳು. ಕಾರ್ಬನ್ನಿನಲ್ಲಿ ಪ್ರತಿ ತಿರುವಿಗೂ ಎದ್ದು ನಿಲ್ಲಬೇಕಿತ್ತು, ಮೇಲೆ ತಲುಪುವ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿದ್ದಳು. ಹಿಂದೆ 32 ಹಾಕಿಸಿದರಾಯಿತು ಅಂತ ಅನ್ನಿಸಬಹುದು. ಆದರೆ ತಮ್ಮನದು 5800 ಸರಣಿಯ 105. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗಿಡ್ಡ ಕೇಜಿನದು, ಅಂದರೆ ಚೈನು ಬಿಗಿ ಹಿಡಿಯುವ ತೋಳು ಗಿಡ್ಡ. ಅದಕ್ಕೆ 28ಕ್ಕಿಂತ ದೊಡ್ಡದು ಹಾಕಲು ಶಿಮಾನೋ ಹೇಳುವುದಿಲ್ಲ. ಉದ್ದ ಕೇಜಿನ ಡಿರೇಲರ್, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು), ಚೈನು ಮೂರೂ ಹೊಸದು ಬೇಕು.

"ಕ್ಲಾರಿಸ್ ಕಲಿಯೋರಿಗೆ ಅಷ್ಟೇ, ರೇಸಲ್ಲಿ ವೇಗ ಸಾಲಲ್ಲ" ಅಂತ ಹೇಳಿದವರಿದ್ದಾರೆ. 17-18ರವರ ಜೂನಿಯರ್ ರೋಡ್ ರೇಸಿಗೆ ಯುಸಿಐ 2022ರವರೆಗೂ ಒಂದು ಮಿತಿ ಇಟ್ಟಿತ್ತು. ಪೆಡಲ್ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಮುಂದೆ ಹೋಗಬಾರದು. 2023ರಿಂದ ಅದನ್ನು ತೆಗೆದುಹಾಕಿದರು. ಈ ಕ್ಲಾರಿಸ್‌ನ ಅತಿ ಭಾರದ ಗೇರಿನಲ್ಲಿ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್ ಹೋಗುತ್ತದೆ. ಜಗತ್ತಿನ ಜೂನಿಯರ್ ಚಾಂಪಿಯನ್ನರು 7.93ರಲ್ಲೇ ಗೆದ್ದಿರುವಾಗ 15ರ ಹುಡುಗಿಗೆ ಇದು ಸಾಲದೇ?

ತೂಕದ ವಿಷಯದಲ್ಲಿ ಕಾರ್ಬನ್ನಿಗೆ ನ್ಯಾಯ ಸಲ್ಲಬೇಕು. ಎರಡೂವರೆ ಕೆಜಿ ಕಡಿಮೆ. ಮಗಳನ್ನೂ ಸೇರಿಸಿದರೆ ಒಟ್ಟು ಭಾರದಲ್ಲಿ ಶೇಕಡಾ 4ರಷ್ಟು. ಒಂದು ಗಂಟೆಯ ಏರಿನಲ್ಲಿ ಅದು ಎರಡೂವರೆ ನಿಮಿಷದ ಹತ್ತಿರ. ರೇಸಿನಲ್ಲಿ ಅದು ದೊಡ್ಡ ಅಂತರವೇ. ಆದರೆ ಆ ಲೆಕ್ಕ ಉಪಯೋಗಕ್ಕೆ ಬರುವುದು ಮೈಗೆ ಹೊಂದುವ ಸೈಕಲ್ಲಿನಲ್ಲಿ ಮಾತ್ರ.

ಬ್ರೇಕಿನ ಪರೀಕ್ಷೆ ಜೂನ್‌ನಲ್ಲಿ ಆಯಿತು. ಒಣ ರಸ್ತೆಯಲ್ಲಿ ರಿಮ್ ಬ್ರೇಕಿಗೂ ಡಿಸ್ಕಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮಳೆ ಬಿದ್ದ ಮೇಲೆ ಚಿತ್ರವೇ ಬದಲಾಯಿತು. ರಿಮ್ ನೆನೆದಾಗ ಪ್ಯಾಡು ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಆ ಒಂದೆರಡು ಕ್ಷಣ ಲಿವರ್ ಒತ್ತಿದರೂ ಸೈಕಲ್ ಓಡುತ್ತಲೇ ಇರುತ್ತದೆ. ಕೈಮರದ ಕಡೆಯಿಂದ ಮಂಜಿನಲ್ಲಿ ಇಳಿಯುವಾಗ ಎದುರಿಗೆ ಜೀಪು ಬಂದರೆ ಆ ಎರಡು ಕ್ಷಣ ಎಲ್ಲಿಂದ ತರುವುದು? ಡಿಸ್ಕ್ ಒದ್ದೆಯಾದರೂ ಬೇಗ ಹಿಡಿಯುತ್ತದೆ. ಮಲೆನಾಡಿನಲ್ಲಿ ಮಳೆಗಾಲದಲ್ಲೂ ಓಡಿಸುವ ಮಕ್ಕಳಿಗೆ ಡಿಸ್ಕೇ ಕೊಡಿಸಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗಲ್ಲ.

ಕೊಂಡ ಮೇಲಿನ ಆರೈಕೆಯಲ್ಲೂ ಎರಡು ಬೈಕುಗಳು ಬೇರೆ ಬೇರೆ. ನಮ್ಮಲ್ಲಿ ಚೈನಿನ ದೊಡ್ಡ ಶತ್ರು ತೋಟದ ಮಣ್ಣು. ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರುಗಳು ಟಾರಿಗೆ ತಂದು ಹಾಕುತ್ತವೆ, ಮಳೆಗಾಲದಲ್ಲಿ ತಾನಾಗಿ ಹರಿದು ಬರುತ್ತದೆ. ಅದು ಎಣ್ಣೆಗೆ ಅಂಟಿಕೊಂಡರೆ ಚೈನನ್ನೂ ಹಲ್ಲುಗಳನ್ನೂ ಉಜ್ಜಿ ತಿನ್ನುತ್ತದೆ. ಮಳೆಯಲ್ಲಿ ಓಡಿಸಿ ಬಂದ ದಿನ ಬಕೆಟ್ ನೀರು, ಮಗ್ಗು, ಹಳೇ ಟೂತ್‌ಬ್ರಷ್ ಇಷ್ಟರಲ್ಲೇ ತೊಳೆಯಿರಿ. ವಾಟರ್ ಸರ್ವಿಸ್‌ಗೆ ಕೊಡಬೇಡಿ, ಜೋರಾದ ನೀರು ಬೇರಿಂಗಿನ ಒಳಗೆ ನುಗ್ಗಿ ಗ್ರೀಸು ತೊಳೆದು ಹಾಕುತ್ತದೆ. ಚೈನು ಪೂರ್ತಿ ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಹೊರಗಿನದನ್ನು ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗೆ. ಹೊಲಿಗೆ ಮಷೀನ್ ಎಣ್ಣೆ ತೆಳು, ಒಂದು ಮಳೆಗೆ ಹೋಗುತ್ತದೆ. ಮೋಟಾರ್ ಬೈಕಿನ ಚೈನ್ ಸ್ಪ್ರೇ ಅಂಟು, ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ. ಮಳೆಗಾಲಕ್ಕೆ ಸೈಕಲ್ ಚೈನಿಗೆಂದೇ ಇರುವ, ನೀರಿಗೆ ಬೇಗ ಹೋಗದ ಎಣ್ಣೆ, ವೆಟ್ ಲ್ಯೂಬ್, ತಂದಿಟ್ಟುಕೊಳ್ಳಿ.

ಚೈನು ಸವೆದಿದೆಯಾ ಅಂತ ನೋಡಲು ಮಕ್ಕಳ ಸ್ಕೇಲೇ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗುವ ಮುಂಚೆ ಬದಲಿಸಿ. ತಡಮಾಡಿದರೆ ಕ್ಯಾಸೆಟ್ಟೂ ಹಾಳಾಗುತ್ತದೆ. ಇಲ್ಲಿ ಕ್ಲಾರಿಸ್ ಮುಂದೆ ಬಂತು. 7 ಗೇರಿನ ಸೈಕಲ್‌ಗಳಿಗೆ ನಮ್ಮೂರ ಅಂಗಡಿಯಲ್ಲಿ ಸಿಗುವ ಚೈನೇ ಸಾಮಾನ್ಯವಾಗಿ 8 ಗೇರಿಗೂ ಆಗುತ್ತದೆ. 11 ಗೇರಿನ ಚೈನು ತೆಳು, ಬೆಲೆ ಜಾಸ್ತಿ, ಬೆಂಗಳೂರಿನಿಂದಲೇ ತರಿಸಬೇಕಾಯಿತು. ಭಾನುವಾರ ಓಡಿಸಬೇಕು ಅಂತ ಕಾದು ಕೂತ ಮಗುವಿಗೆ ಬುಧವಾರ ಕೊರಿಯರ್ ಬರುತ್ತೆ ಅಂತ ಹೇಳುವುದು ಬೇಜಾರಿನ ಕೆಲಸ.

ಬ್ರೇಕಿನ ಆರೈಕೆಯಲ್ಲಿ ಮಾತ್ರ ಕಾರ್ಬನ್ ಸುಲಭ. ರಿಮ್ ಬ್ರೇಕಿನ ಪ್ಯಾಡು ಕಣ್ಣೆದುರೇ ಇದೆ. ಸಿಕ್ಕಿಕೊಂಡ ಮರಳನ್ನು ಪಿನ್ನಿನಿಂದ ಕೀಳಬೇಕು, ರಿಮ್ಮು ಸವೆಯುವುದನ್ನು ಗಮನಿಸಬೇಕು, ಅಷ್ಟೇ. ಕೇಬಲ್ ಡಿಸ್ಕಿನಲ್ಲಿ ನಮ್ಮ ಬೈಕಿಗೆ ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ. ಪ್ಯಾಡು ಸವೆದಾಗ ಕೇಬಲ್ ಒಂದನ್ನೇ ಬಿಗಿ ಮಾಡಿದರೆ ಸಾಲದು, ಒಳಗಿನದನ್ನೂ ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪ ಹತ್ತಿರ ತರಬೇಕು. ಚೈನಿನ ಎಣ್ಣೆಯಾಗಲಿ ಸ್ಪ್ರೇಯಾಗಲಿ ಡಿಸ್ಕಿಗೆ ತಾಗಲೇಬಾರದು. ತಾಗಿದರೆ ಕಿರುಚುತ್ತದೆ, ಹಿಡಿಯುವುದಿಲ್ಲ. ಎಣ್ಣೆ ಬಿಡುವಾಗ ಹಿಂದಿನ ಡಿಸ್ಕಿಗೆ ಹಳೇ ಬಟ್ಟೆ ಮುಚ್ಚುತ್ತೇನೆ.

ಗಾಳಿಯ ಬಗ್ಗೆ ಒಂದು ಮಾತು. ಎರಡೂ ರೋಡ್ ಬೈಕಿನ ಟ್ಯೂಬಿಗೆ ತೆಳ್ಳಗಿನ ಪ್ರೆಸ್ಟಾ ವಾಲ್ವ್. ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ. ಮೀಟರ್ ಇರುವ, ಕಾಲಲ್ಲಿ ಮೆಟ್ಟಿ ಹಿಡಿದು ಒತ್ತುವ ಪಂಪು ಸೈಕಲ್ ಜೊತೆಗೇ ಕೊಳ್ಳಿ. ಮಗಳ ತೂಕಕ್ಕೆ 28ರ ಟೈರಿಗೆ 65 ಪಿಎಸ್‌ಐ ಹಿಡಿಸಿತು, 25ರದ್ದಕ್ಕೆ 80 ಬೇಕಿತ್ತು. ಗುಂಡಿ ಬಿದ್ದ ಆಲ್ದೂರು ರಸ್ತೆಯಲ್ಲಿ 28ರ ಸುಖ ಕೈಗೇ ಗೊತ್ತಾಗುತ್ತದೆ. ತಮ್ಮನ ಫ್ರೇಮಿನಲ್ಲಿ ಅಷ್ಟು ಅಗಲದ ಟೈರಿಗೆ ಜಾಗವೇ ಇಲ್ಲ.

ಕೊನೆಗೆ ಕ್ಲಾರಿಸ್ ಗೇರು, ಡಿಸ್ಕ್ ಬ್ರೇಕಿನ ಹೊಸ ಅಲ್ಯೂಮಿನಿಯಂ ಬೈಕನ್ನೇ ಕೊಂಡೆವು. ಮಗಳು 172 ಸೆಂ.ಮೀ. ಇದ್ದು, ನಾವು ಹಾಸನದಲ್ಲಿದ್ದು, ಅವಳ ಅಭ್ಯಾಸವೆಲ್ಲ ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲೇ ಆಗಿದ್ದರೆ ತಮ್ಮನ ಕಾರ್ಬನ್ನನ್ನು ಬಿಡುತ್ತಿರಲಿಲ್ಲ. ಅಲ್ಲಿ ಏರು ಕಡಿಮೆ, 28ರ ಹಲ್ಲು ಸಾಕು, ಮಳೆಯೂ ಇಲ್ಲಿನಷ್ಟಿಲ್ಲ. ಹಾಗೆ ಹಳೇ ಕಾರ್ಬನ್ ಕೊಳ್ಳುವವರು ಕ್ರ್ಯಾಂಕ್ ಕೂರುವ ಜಾಗ, ಸೀಟಿನ ಕೊಳವೆ ಫ್ರೇಮಿಗೆ ಇಳಿಯುವ ಬಾಯಿ, ಫೋರ್ಕಿನ ಮೇಲ್ಭಾಗ ಮೂರನ್ನೂ ಬೆಳಕಿನಲ್ಲಿ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೊಳ್ಳಬೇಡಿ. ಸೀಟಿನ ಕೊಳವೆಯನ್ನು ಹೊರಗೆ ಎಳೆಸಿ ನೋಡಿ, ಎಷ್ಟೋ ಸೈಕಲ್ಲಿನಲ್ಲಿ ಅದು ಒಳಗೇ ಕಚ್ಚಿಕೊಂಡಿರುತ್ತದೆ. ರಿಮ್ಮಿನ ಪಕ್ಕಕ್ಕೆ ಬೆರಳಿಟ್ಟು ಸವರಿ. ಒಳಕ್ಕೆ ತಗ್ಗು ಸಿಕ್ಕರೆ ಹೊಸ ಚಕ್ರಗಳ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ.