ಕಾರಿನ ಮುಂಬಾಯಿಗೆ ಯಾವ ಜಾಲಿ: ಅಲ್ಯೂಮಿನಿಯಂ, ಸ್ಟೀಲ್, ಕೋಳಿ ಜಾಲಿ, ಸೊಳ್ಳೆ ಜಾಲಿ

ಕಲಬುರಗಿಯಿಂದ ಸೇಡಂ ರಸ್ತೆಗೆ ಇಳಿದರೆ ಮುಂದೆ ಸಿಮೆಂಟ್ ಲಾರಿ, ಶಹಾಬಾದ್ ಕಡೆ ಹೊರಟರೆ ಫರ್ಸಿ ಕಲ್ಲಿನ ಟ್ರ್ಯಾಕ್ಟರ್, ಮಿಕ್ಕ ಕಡೆಗೆಲ್ಲ ಖಡಿ (ಜಲ್ಲಿಕಲ್ಲು) ಟಿಪ್ಪರ್. ಇವುಗಳ ಗಾಲಿಯಿಂದ ಸಿಡಿದ ಹರಳು ಗಾಜಿಗೆ ಬಿದ್ದರೆ ಆಗಲೇ ಕಾಣುತ್ತದೆ. ಬಂಪರಿನ ಕೆಳಬಾಯಿಯೊಳಗೆ ಹೋದದ್ದು ಮಾತ್ರ ಏಪ್ರಿಲ್ ಬಿಸಿಲಲ್ಲಿ ಎಸಿ ಬಿಸಿಗಾಳಿ ಊದತೊಡಗಿದಾಗಲೇ ತಿಳಿಯುವುದು. ಆ ಬಾಯಿಯ ಹಿಂದೆ ಮೊದಲು ಸಿಗುವುದು ಎಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್, ಅದರ ಬೆನ್ನಿಗೆ ರೇಡಿಯೇಟರ್, ಆಮೇಲೆ ಫ್ಯಾನ್. ಕಂಡೆನ್ಸರಿನ ಟ್ಯೂಬುಗಳು ತೆಳು ಅಲ್ಯೂಮಿನಿಯಂ ಪಟ್ಟಿಗಳು. ಒಂದಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದರೂ ಗ್ಯಾಸ್ ಖಾಲಿ. ಬೆಸುಗೆ ಹಾಕಿಸಿದ್ದು ಬಹಳ ದಿನ ನಿಲ್ಲುವುದು ಅಪರೂಪ, ಹೆಚ್ಚಿನ ಸಲ ಇಡೀ ಕಂಡೆನ್ಸರನ್ನೇ ಬದಲಿಸಬೇಕಾಗುತ್ತದೆ.

ಈ ಕಲ್ಲನ್ನು ಬಾಯಲ್ಲೇ ತಡೆಯಲು ಒಂದು ಹ್ಯಾಚ್‌ಬ್ಯಾಕ್, ಒಂದು ಸಣ್ಣ ಎಸ್‌ಯುವಿ ಮೇಲೆ ನಾಲ್ಕು ಬಗೆಯ ಜಾಲಿ ಹಾಕಿ ನೋಡಿದೆವು. ಅಳತೆಗೆ ಎರಡೇ ಸಾಧನ: ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪ ತೋರಿಸುವ, ಕಾರಿನ ಓಬಿಡಿ ಸಾಕೆಟ್ಟಿಗೆ (ದೋಷ ಪರೀಕ್ಷೆಯ ಕಿಂಡಿ) ಚುಚ್ಚುವ ಬ್ಲೂಟೂತ್ ರೀಡರ್ ಮತ್ತು ನಡುವಿನ ಎಸಿ ಕಿಂಡಿಗೆ ಸಿಕ್ಕಿಸುವ ಡಿಜಿಟಲ್ ಥರ್ಮಾಮೀಟರ್. ಮೊದಲು ಜಾಲಿ ಇಲ್ಲದೆ, ಆಮೇಲೆ ಜಾಲಿ ಹಾಕಿ, ಅದೇ ರಸ್ತೆ, ಅದೇ ಮಟಮಟ ಮಧ್ಯಾಹ್ನ, ಎಸಿ ಪೂರ್ತಿ. ಓಡುವಾಗಿನ ಅಂಕಿಗಿಂತ ಸಿಗ್ನಲ್‌ನಲ್ಲೋ ರೈಲ್ವೆ ಗೇಟಿನಲ್ಲೋ ನಿಂತಾಗಿನ ಅಂಕಿಯೇ ಹೆಚ್ಚು ಹೇಳುತ್ತದೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಎಳೆಯಬೇಕಾದ್ದು ಫ್ಯಾನ್ ಒಂದೇ. ಮುಂದೆ ಅಡ್ಡ ಇದ್ದರೆ ಅದು ಅಕ್ಕಪಕ್ಕದ ಸಂದಿನಿಂದ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಸೊಳ್ಳೆ ಜಾಲಿಯಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಇದಕ್ಕೇ. ಅಗ್ಗ, ಅಡುಗೆಮನೆ ಕತ್ತರಿಯಿಂದಲೂ ಕತ್ತರಿಸಬಹುದು. ಲೆಕ್ಕದಲ್ಲೂ ಕೆಟ್ಟದ್ದೇನಲ್ಲ. ನೇಯ್ದ ಜಾಲಿಯಲ್ಲಿ ಗಾಳಿಗೆ ತೆರೆದಿರುವ ಜಾಗ ತಿಳಿಯಲು ತೂತಿನ ಅಗಲವನ್ನು, ತೂತು ಮತ್ತು ತಂತಿ ಎರಡೂ ಸೇರಿದ ಅಗಲದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಬೇಕು. ಕಿಟಕಿಗೆ ಹಾಕುವ ಫೈಬರ್ ಜಾಲಿಯಲ್ಲಿ ಇಂಚಿಗೆ 18 ಮತ್ತು 16 ಎಳೆ, ಎಳೆಯ ದಪ್ಪ 0.28 ಮಿ.ಮೀ. ಎಂದು ಹಿಡಿದರೆ ತೆರೆದ ಜಾಗ ಸುಮಾರು ಶೇ. 66. 5 ಮಿ.ಮೀ. ತೂತು, 1 ಮಿ.ಮೀ. ತಂತಿಯ ಸ್ಟೀಲ್ ಜಾಲಿಗೆ ಶೇ. 69. ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ. ಆದರೆ ಎಳೆ ಸಣ್ಣದಾಗಿ ತೂತು ಹೆಚ್ಚಾದಷ್ಟೂ ಗಾಳಿಗೆ ತಿಕ್ಕಾಟ ಹೆಚ್ಚು. ಮಳೆಯಲ್ಲಿ ಮಿಲಿಮೀಟರ್ ಅಳತೆಯ ತೂತುಗಳಲ್ಲಿ ನೀರು ಪೊರೆ ಕಟ್ಟಿ ನಿಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಹೊಟ್ಟು. ಸುಗ್ಗಿಯಲ್ಲಿ ರಸ್ತೆ ಮೇಲೇ ತೊಗರಿ, ಜೋಳ ಹರವಿ ರಾಶಿ ಮಾಡುವ ಊರುಗಳನ್ನು ದಾಟಿ ಬಂದರೆ, ಶಹಾಪುರ ಕಡೆಯ ಹತ್ತಿ ಲಾರಿಗಳ ಹಿಂದೆ ಸ್ವಲ್ಪ ದೂರ ಓಡಿಸಿದರೆ, ಜಾಲಿ ಕಂಬಳಿಯಂತಾಗುತ್ತದೆ. ನಿಂತಾಗ ಎಸಿ ತಂಪು ಇಳಿದದ್ದು ಥರ್ಮಾಮೀಟರ್ ಇಲ್ಲದೆಯೂ ಗೊತ್ತಾಯಿತು, ಫ್ಯಾನ್ ಜೋರು ವೇಗದಿಂದ ಕೆಳಗಿಳಿಯಲೇ ಇಲ್ಲ. ಇಷ್ಟಾಗಿ ಖಡಿ ಬಿದ್ದರೆ ಹರಿದೇ ಹೋಗುತ್ತದೆ. ಹುಳ ತಡೆಯಲು ರಾತ್ರಿ ಪ್ರಯಾಣಕ್ಕಷ್ಟೇ ಕಟ್ಟಿ, ಬೆಳಿಗ್ಗೆ ಬಿಚ್ಚುವ ತಾಳ್ಮೆ ಇದ್ದವರಿಗೆ ಸರಿ.

ಕೋಳಿ ಜಾಲಿಯದು ತಿರುಗುಮುರುಗು ಕಥೆ. ಅರ್ಧ ಇಂಚಿನ ತೂತಾದ್ದರಿಂದ ಗಾಳಿಗೆ ಅಡ್ಡಿಯೇ ಇಲ್ಲ. ರಸ್ತೆಗೆ ಡಾಂಬರಿನ ಮೇಲೆ ಉದುರಿಸುವ ಸಣ್ಣ ಖಡಿ 6ರಿಂದ 12 ಮಿ.ಮೀ., ಅಂದರೆ ನಾವು ತಡೆಯಬೇಕಾದ ಕಲ್ಲೇ ಅದರೊಳಗೆ ನುಸುಳಿ ಹೋಗುತ್ತದೆ. ಕತ್ತರಿಸಿದ ತುದಿಯಲ್ಲಿ ಸತು ಹೋಗಿ ಮೊದಲ ಮಳೆಗಾಲಕ್ಕೇ ತುಕ್ಕು. ಹಾಕದಿದ್ದರೂ ನಡೆಯುತ್ತದೆ.

ನಿಜವಾದ ಪೈಪೋಟಿ ಇರುವುದು ಅಲ್ಯೂಮಿನಿಯಂ ಮತ್ತು ಸ್ಟೀಲ್ ನಡುವೆ.

ಅಲ್ಯೂಮಿನಿಯಂ ಜಾಲಿ ನೇಯ್ದದ್ದಲ್ಲ, ತಗಡನ್ನು ಸೀಳಿ ಎಳೆದು ಮಾಡಿದ್ದು. ಕಪ್ಪು ಬಣ್ಣ ಹಚ್ಚಿ ಸುಮಾರು 100×33 ಸೆಂ.ಮೀ. ಹಾಳೆಯಾಗಿ ಆನ್‌ಲೈನಿನಲ್ಲಿ ಸಿಗುತ್ತದೆ. 3×6 ಮತ್ತು 6×12 ಮಿ.ಮೀ. ತೂತಿನವು ಹೆಚ್ಚು ಓಡುತ್ತವೆ. ನಮ್ಮ ಆಯ್ಕೆ 6×12. ಅದರ ಗಿಡ್ಡ ಅಗಲ 6 ಮಿ.ಮೀ. ಆದ್ದರಿಂದ ಹೆಚ್ಚಿನ ಖಡಿ ನಿಲ್ಲುತ್ತದೆ, ಹೊಟ್ಟು ಬಹುಪಾಲು ದಾಟಿ ಹೋಗುತ್ತದೆ. ಕೂಲಂಟ್ ತಾಪದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ತಗಡು ಕತ್ತರಿ ಸಾಕು, ಬಂಪರಿನ ಉಬ್ಬುತಗ್ಗಿಗೆ ಕೈಯಲ್ಲೇ ಬಾಗುತ್ತದೆ. ಇದರ ದೋಷವೂ ಆ ಮೆತ್ತಗಿನ ಗುಣವೇ. ದೊಡ್ಡ ಹರಳು ಬಡಿದರೆ ಒಳಕ್ಕೆ ಕುಸಿದು ಹಾಗೇ ಉಳಿಯುತ್ತದೆ. ಹಿಂದೆ ಜಾಗ ಬಿಟ್ಟಿರದಿದ್ದರೆ ಆ ತಗ್ಗು ನೇರ ಕಂಡೆನ್ಸರಿಗೆ ತಾಗುತ್ತದೆ.

304 ದರ್ಜೆಯ (ಸುಲಭವಾಗಿ ತುಕ್ಕು ಹಿಡಿಯದ) ಸ್ಟೀಲ್ ಜಾಲಿ ಹಾಗಲ್ಲ, ಪೆಟ್ಟು ತಿಂದು ವಾಪಸ್ ಬರುತ್ತದೆ. 5 ಮಿ.ಮೀ. ತೂತು, 1 ಮಿ.ಮೀ. ತಂತಿ ಕೇಳಿ. ತೂತು 3 ಮಿ.ಮೀ., ತಂತಿ 0.7 ಆದರೆ ತೆರೆದ ಜಾಗ ಶೇ. 66ಕ್ಕೆ ಇಳಿಯುವುದಲ್ಲದೆ ಕಸವೂ ಹಿಡಿಯುತ್ತದೆ. ಕತ್ತರಿಸುವುದು ಮಾತ್ರ ಕಷ್ಟದ ಕೆಲಸ. ತಗಡು ಕತ್ತರಿಯ ಬಾಯಿ ಮೊಂಡಾಗುತ್ತದೆ, ಗ್ರೈಂಡರಿಗೆ ತೆಳು ಕಟಿಂಗ್ ಬ್ಲೇಡ್ ಹಾಕಬೇಕು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಂಚಿನ ಎಳೆಗಳು ಬಿಚ್ಚಿಕೊಳ್ಳುತ್ತವೆ, ಅಂಗೈ ಸೀಳುತ್ತವೆ. ಬಾಗಿದ ಬಾಯಿಗೆ ಒಗ್ಗಿಸಲು ಎರಡು ತುಂಡು ಮಾಡಬೇಕಾಗಬಹುದು. ಬೆಲೆಯೂ ಹೆಚ್ಚು. ಇನ್ನೊಂದು ಮಾತು: ಸ್ಟೀಲು ಅಲ್ಯೂಮಿನಿಯಂ ಕಂಡೆನ್ಸರಿಗೆ ತಾಗಿಕೊಂಡಿದ್ದು ನಡುವೆ ತೇವ ನಿಂತರೆ ಕರಗುವುದು ಅಲ್ಯೂಮಿನಿಯಂ.

ಊರೊಳಗೆ, ಹೈವೇಯಲ್ಲಿ ಓಡುವ ಕಾರಿಗೆ ಅಲ್ಯೂಮಿನಿಯಮ್ಮೇ ಸಾಕು. ವಾಡಿ, ಮಳಖೇಡ ಕಡೆ ದಿನಾ ಟಿಪ್ಪರ್ ಬೆನ್ನ ಹಿಂದೆ ಹೋಗಿಬರುವವರು ಸ್ಟೀಲಿನ ತಾಪತ್ರಯ ಸಹಿಸಿಕೊಳ್ಳುವುದು ಲೇಸು.

ಕೂರಿಸುವ ಕೆಲಸಕ್ಕೆ ಬಂದರೆ, ಮೇಲಿನ ಗ್ರಿಲ್ ಬಿಟ್ಟುಬಿಡಿ. ಅಲ್ಲಿ ಸಂದು ಕಿರಿದು, ಎಂಜಿನ್ ಉಸಿರೆಳೆಯುವ ಕೊಳವೆಯೂ ಹಲವು ಕಾರುಗಳಲ್ಲಿ ಅದರ ಹಿಂದೆಯೇ ಇರುತ್ತದೆ. ಕಲ್ಲು ಹೆಚ್ಚು ಹೊಗುವುದು ಕೆಳಬಾಯಿಗೆ. ಅಡಾಸ್ (ತಾನಾಗಿ ಬ್ರೇಕ್ ಹಾಕುವಂಥ ಚಾಲಕ ನೆರವಿನ ವ್ಯವಸ್ಥೆ) ಇರುವ ಕಾರಾದರೆ ರಾಡಾರ್ ಎಲ್ಲಿದೆ ಎಂದು ಮೊದಲು ನೋಡಿ. ಕೆಳಬಾಯಿಯ ನಡುವಿನ ನಯವಾದ ಕಪ್ಪು ಪಟ್ಟಿಯೋ, ಲೋಗೋ ಹಿಂದೆಯೋ ಇದ್ದೀತು. ಅದರ ಮುಂದೆ ಲೋಹದ ಜಾಲಿ ಬಂದರೆ ಅದು ಕುರುಡಾಗುತ್ತದೆ. ಪಾರ್ಕಿಂಗ್ ಸೆನ್ಸರ್, ತಾನಾಗಿ ತೆರೆದು ಮುಚ್ಚುವ ಗ್ರಿಲ್ ರೆಕ್ಕೆ, ಇವುಗಳಿಂದಲೂ ದೂರವಿರಿ. ಟರ್ಬೊ ಗಾಡಿಯಲ್ಲಿ ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿಗಾಳಿಯನ್ನು ತಣಿಸುವ ಭಾಗ) ಕೆಳಬಾಯಿಯ ಹಿಂದಿದ್ದರೆ ಸಣ್ಣ ತೂತಿನ ಜಾಲಿ ಎಂಜಿನ್ನಿನ ಎಳೆತವನ್ನೂ ತಗ್ಗಿಸುತ್ತದೆ.

ಕಟ್ಟುವ ದಾರಿ ಎರಡು. ಮುಂದಿನಿಂದ ಕಟ್ಟಿದರೆ ಮುಕ್ಕಾಲು ಗಂಟೆಯ ಕೆಲಸ, ಟೈಗಳು ಕಣ್ಣಿಗೆ ಬೀಳುತ್ತವೆ, ಆದರೆ ಬಿಚ್ಚಿ ತೊಳೆಯುವುದು ಸಲೀಸು. ಬಂಪರ್ ಇಳಿಸಿ ಹಿಂದಿನಿಂದ ಕಟ್ಟಿದರೆ ಕಂಪನಿಯದ್ದೇ ಎನ್ನುವಂತೆ ಕೂರುತ್ತದೆ, ಅರ್ಧ ದಿನ ಬೇಕು. ಬಾನೆಟ್ ಕೆಳಗಿನ 10 ಮಿ.ಮೀ. ಬೋಲ್ಟು, ಪ್ಲಾಸ್ಟಿಕ್ ಕ್ಲಿಪ್ಪು, ಗಾಲಿ ಕಮಾನಿನೊಳಗಿನ ಸ್ಕ್ರೂ ಬಿಚ್ಚಿ, ಫಾಗ್ ಲೈಟಿನ ಕನೆಕ್ಟರ್ ತೆಗೆಯುವ ಮುನ್ನ ಬಂಪರ್ ಹಿಡಿಯಲು ಇನ್ನೊಬ್ಬರು ಇರಲಿ. ಚಳಿಗಾಲದ ಬೆಳಿಗ್ಗೆ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ, ಬಿಸಿಲೇರಿದ ಮೇಲೆ ಕೈ ಹಾಕಿ. ಹೇಗೂ ಹತ್ತು ಕ್ಲಿಪ್ ಹೆಚ್ಚಿಗೆ ತಂದಿಟ್ಟುಕೊಳ್ಳಿ.

ರಟ್ಟಿನಲ್ಲಿ ಅಚ್ಚು ತೆಗೆದು, ಸುತ್ತ 20 ಮಿ.ಮೀ. ಹೆಚ್ಚು ಬಿಟ್ಟು ಜಾಲಿ ಕತ್ತರಿಸಿ. ಉದ್ದ ತೂತು ಅಡ್ಡಡ್ಡ ಬರಲಿ. ಅಂಚನ್ನು 5 ಮಿ.ಮೀ. ಒಳಮಡಚಿ, ಬಣ್ಣ ಹೋದ ಕಡೆ ಮ್ಯಾಟ್ ಕಪ್ಪು ಸ್ಪ್ರೇ ಹೊಡೆಯಿರಿ. ಜಾಲಿಗೂ ಕಂಡೆನ್ಸರಿಗೂ ನಡುವೆ ಕನಿಷ್ಠ 20 ಮಿ.ಮೀ. ಇರಲೇಬೇಕು, ಬೆರಳು ತೂರಿಸಿ ನೋಡಿ.

ಅಂಟು ಹಾಕುವವರು ಬಂಪರಿನ ಒಳಬದಿಯ ಅಚ್ಚಕ್ಷರ ಓದಬೇಕು. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂದೋ, ಪಿಪಿ ಜೊತೆ ಇಪಿಡಿಎಂ (ಒಂದು ಬಗೆಯ ರಬ್ಬರ್) ಎಂದೋ ಇದ್ದರೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಗಟ್ಟಿಯಾದಂತೆ ಕಂಡು, ಮೊದಲ ರಸ್ತೆ ಉಬ್ಬಿಗೆ ಬಿಲ್ಲೆ ಬಿಲ್ಲೆಯಾಗಿ ಕಳಚುತ್ತದೆ. ಎಬಿಎಸ್ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಎಂದಿದ್ದರೆ ಮರಳು ಕಾಗದ ಉಜ್ಜಿ ಹಚ್ಚಬಹುದು. ಪಿಪಿಗೆ ಕೇಬಲ್ ಟೈ ಒಂದೇ ನಂಬಿಕೆಯದು. 3.6 ಮಿ.ಮೀ. ಅಗಲದ, ಬಿಸಿಲು ತಾಳುವ ಕಪ್ಪು ಟೈ ತನ್ನಿ. ಬಿಳಿಯವು ನಮ್ಮ ಬೇಸಿಗೆ ಕಂಡರೆ ಬೇಗ ಸೆಟೆದು ಮುರಿಯುತ್ತವೆ. ಎಂಟು ಹತ್ತು ಸೆಂ.ಮೀ.ಗೆ ಒಂದರಂತೆ ಎಲ್ಲ ಟೈಗಳನ್ನೂ ಸಡಿಲವಾಗಿ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಬಿಗಿಯುತ್ತ ಹೋಗಿ. ಒಂದು ಮೂಲೆಯಿಂದ ಶುರು ಮಾಡಿದರೆ ಇನ್ನೊಂದು ಮೂಲೆಯಲ್ಲಿ ಜಾಲಿ ಉಬ್ಬಿ ನಿಲ್ಲುತ್ತದೆ, ಓಡುವಾಗ ಗರಗರ ಸದ್ದು ಮಾಡುತ್ತದೆ.

ಮುಗಿದ ಮೇಲೆ ಮತ್ತೆ ಅದೇ ರಸ್ತೆ, ಅದೇ ಹೊತ್ತು. ನಿಂತಾಗಿನ ಕೂಲಂಟ್ ಅಂಕಿ ಮೊದಲಿಗಿಂತ ಐದಾರು ಡಿಗ್ರಿ ಏರಿ ಇಳಿಯದಿದ್ದರೆ ಆ ಜಾಲಿ ನಿಮ್ಮ ಗಾಡಿಗಲ್ಲ, ತೆಗೆದುಬಿಡಿ. ರಾಶಿ ಕಾಲದಲ್ಲಿ ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ ಆಡಿಸಿ, ಮಳೆಗಾಲದಲ್ಲಿ ಎರೆಮಣ್ಣು ಒಣಗುವ ಮೊದಲೇ ಪೈಪಿನ ನೀರು ಬಿಡಿ. ವಾಷಿಂಗ್ ಸೆಂಟರಿನವರಿಗೆ ಮಾತ್ರ ಪ್ರೆಶರ್ ಗನ್ ಆ ಬಾಯಿಗೆ ಹತ್ತಿರದಿಂದ ಹಿಡಿಯಬೇಡಿ ಎಂದು ಮುಂಚೆಯೇ ಹೇಳಿ. ಕಲ್ಲಿನಿಂದ ಉಳಿದ ಕಂಡೆನ್ಸರ್ ರೆಕ್ಕೆಗಳು ಆ ನೀರಿನ ಹೊಡೆತಕ್ಕೇ ಮಲಗಿಬಿಡುತ್ತವೆ.