ಹಳೆ ಸೋಲಾರ್ ಟ್ಯಾಂಕಿಗೆ ಕಾಯಿಲ್ ಹಾಕಿಸುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಮೋಡ ಕವಿಯಿತು ಅಂದ್ರೆ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಆಗ ಎಲ್ಲರ ಮನೆಯಲ್ಲೂ ಒಂದೇ ಮಾತು, ಟ್ಯಾಂಕಿಗೆ ಕರೆಂಟಿನಲ್ಲಿ ನೀರು ಕಾಯಿಸುವ ಒಂದು ಕಾಯಿಲ್ ಹಾಕಿಸಿಬಿಡೋಣ. ಹೊಸ ಟ್ಯಾಂಕಾದರೆ ಹಾಕಿಸಿ. ಹತ್ತು ಹನ್ನೆರಡು ವರ್ಷ ಬೋರ್ ನೀರು ಕುಡಿದು ತಾರಸಿ ಮೇಲೆ ಕೂತಿರುವ ಟ್ಯಾಂಕಾದರೆ ಸ್ವಲ್ಪ ತಡೆಯಿರಿ.

ನಮ್ಮ ಮನೆಗೆ ಕಾಯಿಲ್ ಹಾಕಲು ಬಂದವನು ಮೊದಲು ಟ್ಯಾಂಕಿನ ಪಕ್ಕದ ಡಮ್ಮಿ, ಅಂದ್ರೆ ಕಾಯಿಲ್ ಕೂರುವ ತೂತಿನ ಮುಚ್ಚಳ, ಬಿಚ್ಚಲು ಹೋದ. ಅದು ಕಚ್ಚಿಕೊಂಡು ಕೂತಿತ್ತು. ಪೈಪ್ ರೆಂಚಿನ ಹಿಡಿಗೆ ಒಂದು ಜಿಐ ಪೈಪ್ ಸಿಕ್ಕಿಸಿ, ಮೈಭಾರವೆಲ್ಲ ಬಿಟ್ಟು ತಿರುಗಿಸಿದ. ಡಮ್ಮಿ ಬಂತು, ಜೊತೆಗೆ ಅರ್ಧ ಥ್ರೆಡ್ಡೂ ಬಂತು. ಅದಕ್ಕೇ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಕಾಯಿಲ್ ಕೂರಿಸಿದ. "ಏನಾಗಲ್ಲ ಬಿಡ್ರಿ ಸಾರ್, ಎಲ್ಲಾ ಕಡೆ ಹಿಂಗೇ ಮಾಡೋದು."

ಕಾಯಿಲ್ 2000 ವ್ಯಾಟಿನದು. 230 ವೋಲ್ಟಿಗೆ ಸುಮಾರು 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ ಬೇಕು, ವೈರ್ ಕಡಿಮೆ ಅಂದ್ರೂ 2.5 ಸ್ಕ್ವೇರ್ ಎಂಎಂ ಇರಬೇಕು. ಈ ಪುಣ್ಯಾತ್ಮ ಲೈಟ್ ಪಾಯಿಂಟಿನ ತೆಳು ವೈರನ್ನೇ ತಾರಸಿ ತನಕ ಎಳೆದು, ನಡುವೆ ಒಂದು ಕಡೆ ಹೊಸೆದು ಟೇಪ್ ಸುತ್ತಿದ್ದ. ನೀರು ಕಾದ ಮೇಲೆ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲ. ಅರ್ಥಿಂಗೂ ಇಲ್ಲ! ಹಸಿರು ವೈರನ್ನು ಕತ್ತರಿಸಿ ಕಾಯಿಲ್ ಮುಚ್ಚಳದೊಳಗೆ ಮಡಚಿ ಇಟ್ಟಿದ್ದ, ಬಿಚ್ಚಿ ನೋಡುವ ತನಕ ಯಾರಿಗೂ ಕಾಣುವುದಿಲ್ಲ.

ಮೊದಲು ಸೋರಲು ಶುರುವಾಯಿತು. ಹೊರಗೆ ಹನಿ ಕಾಣಲಿಲ್ಲ, ಎರಡು ತಗಡಿನ ನಡುವೆ ಶಾಖ ತಡೆಯಲು ತುಂಬಿರುವ ಪಫ್ ಫೋಮ್ ಎಲ್ಲಾ ಹೀರಿಕೊಂಡು ಕೆಳಗಿನ ತಗಡು ಕೊಳೆಯಿತು. ಅದು ಹೋಗಲಿ ಬಿಡಿ, ದುಡ್ಡಿನ ಮಾತು. ಒಂದು ಬೆಳಿಗ್ಗೆ ಅಮ್ಮ ಬಚ್ಚಲಿನಿಂದ ಕೂಗಿದರು, ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದೆ ಕಣೋ ಅಂತ. ಆಮೇಲೆ ವಾಯು ಇರಬೇಕು ಅಂತ ತಾವೇ ಸಮಾಧಾನ ಮಾಡಿಕೊಂಡರು. ನಮ್ಮದು ಹಳೆ ಜಿಐ (ಕಬ್ಬಿಣದ) ಪೈಪಿನ ಲೈನು. ನಲ್ಲಿಗೆ ಟೆಸ್ಟರ್ ಇಟ್ಟೆ, ಲೈಟ್ ಹತ್ತಿತು. ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್, ಎಂಸಿಬಿ, ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಆನ್ ಆಗೇ ಇತ್ತು.

ಎಂಸಿಬಿ ಇದೆಯಲ್ಲ, ಶಾಕ್ ಹೊಡೆಯಲ್ಲ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದು ಬೀಳುವುದು ಲೋಡ್ ಜಾಸ್ತಿ ಆದಾಗ ಅಥವಾ ಶಾರ್ಟ್ ಆದಾಗ. ನೀರಿನ ಮೂಲಕ ಸೋರುವ ಅಷ್ಟಿಷ್ಟು ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮನುಷ್ಯನ ಪ್ರಾಣಕ್ಕೆ ಅಷ್ಟು ಸಾಕು. ಆ ಸೋರಿಕೆ ಹಿಡಿದು ಕರೆಂಟ್ ಕಡಿಯುವ ಸ್ವಿಚ್ಚೇ ಬೇರೆ, ಆರ್‌ಸಿಸಿಬಿ. 30 ಮಿಲಿಆಂಪಿಯರಿನದೇ ಕೇಳಿ ಹಾಕಿಸಿ, ಅದು ಬಂತು ಅಂತ ಅರ್ಥಿಂಗ್ ಬಿಡಬೇಡಿ, ಎರಡೂ ಬೇಕು.

ಬೇರೆ ಎಲೆಕ್ಟ್ರಿಷಿಯನ್ ಬಂದು ಕಾಯಿಲ್ ಹೊರಗೆ ತೆಗೆದರು. ಮೈಯೆಲ್ಲ ಸುಣ್ಣದ ಬಿಳಿ ಪದರ, ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಬಾಗಿದ ಜಾಗದಲ್ಲಿ ಸಣ್ಣ ಸೀಳು. ಸುಣ್ಣ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ಹೋಗುವುದಿಲ್ಲ, ಕಾಯಿಲೇ ವಿಪರೀತ ಕಾದು ಕೊಳವೆ ಬಿರಿಯುತ್ತದೆ, ನೀರು ಒಳಗಿನ ತಂತಿ ತನಕ ಇಳಿಯುತ್ತದೆ. ಹಳೆ ಟ್ಯಾಂಕಿನ ತಳದಲ್ಲಿ ಸುಣ್ಣ ಮೊದಲೇ ತುಂಬಿರುತ್ತದಲ್ವಾ, ಕಾಯಿಲ್ ಅದರಲ್ಲೇ ಹೂತುಕೊಂಡಿತ್ತು. ಮೊದಲಿನವನು ಟ್ಯಾಂಕ್ ತೊಳೆಯದೇ ಹಾಕಿದ್ದ.

ಟ್ಯಾಂಕ್ ಗುಜರಿಗೆ ಹೋಯಿತು. ಈಗ ಬಚ್ಚಲಲ್ಲಿ ಐಎಸ್ಐ ಮಾರ್ಕಿನ ಗೀಸರ್ ಇದೆ. ದುಡ್ಡು ವಾಪಸ್ ಕೊಡಪ್ಪಾ ಅಂದ್ರೆ ಕಾಯಿಲ್ ಹಾಕಿದವನು "ನಿಮ್ಮ ಬೋರ್ ನೀರೇ ಸರಿ ಇಲ್ಲ ಸಾರ್" ಅನ್ನುತ್ತಾನೆ. ಕಾಯಿಲ್ ಮಾರುವಾಗ ನಮ್ಮ ಬೋರ್ ನೀರನ್ನೇ ಕುಡಿದು ಹೋಗಿದ್ದ.