ಮಾಡಿಫೈ ಮಾಡಿದ ಆರ್‌ಎಕ್ಸ್-7 ಮಾರೋಕೆ ಬ್ರಿಂಗ್ ಎ ಟ್ರೇಲರ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ನೀವು ಅಮೆರಿಕದಲ್ಲಿದ್ದು, ಇಂಜಿನ್ನಿನಿಂದ ಸಸ್ಪೆನ್ಷನ್‌ವರೆಗೆ ಎಲ್ಲ ಬದಲಾಯಿಸಿದ ಜಪಾನಿ ಸ್ಪೋರ್ಟ್ಸ್ ಕಾರು ಮಾರಬೇಕಿದ್ದರೆ, ಬ್ರಿಂಗ್ ಎ ಟ್ರೇಲರ್ ಅನ್ನೋ ಆನ್‌ಲೈನ್ ಹರಾಜಿಗೆ ಹಾಕಿ. ಆದರೆ ಬಿಲ್ಲು, ಡೈನೋ ಶೀಟು (ಕಾರಿನ ಪವರ್ ಅಳೆಯೋ ಮೆಷಿನ್ನಿನ ರಿಪೋರ್ಟು), ಬಿಚ್ಚಿಟ್ಟ ಹಳೇ ಪಾರ್ಟು ಎಲ್ಲಾ ನಿಮ್ಮ ಹತ್ತಿರ ಇದ್ದರೆ ಮಾತ್ರ.

ನನ್ನದು 1994ರ ಮಜ್ದಾ ಆರ್‌ಎಕ್ಸ್-7. ಕೆಂಪು ಬಣ್ಣ, ಮ್ಯಾನುಯಲ್ ಗೇರು. ಎಫ್‌ಡಿ ಅಂತ ಕರೆಯೋ ಮೂರನೇ ತಲೆಮಾರಿನ ಕಾರು. ಜಪಾನಿನಲ್ಲಿ 2002ರವರೆಗೂ ತಯಾರಾಯಿತು, ಇಲ್ಲಿ ಅಮೆರಿಕಕ್ಕೆ ಮಾತ್ರ 1993ರಿಂದ 1995ರವರೆಗಿನ ಮಾಡೆಲ್‌ಗಳಷ್ಟೇ ಬಂದವು. ಪಿಸ್ಟನ್ ಇಲ್ಲದ 1.3 ಲೀಟರ್ ರೋಟರಿ ಇಂಜಿನ್, ಎರಡು ಟರ್ಬೊ, 255 ಹಾರ್ಸ್‌ಪವರ್. ಒಂದು ಟರ್ಬೊ ಕಡಿಮೆ ಆರ್‌ಪಿಎಂನಲ್ಲಿ ಕೆಲಸ ಮಾಡುತ್ತದೆ, ಎರಡನೆಯದು 4,500ರ ಆಸುಪಾಸಿನಲ್ಲಿ ಬಂದು ಸೇರುತ್ತದೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಅದನ್ನು ನಡೆಸುವ ವ್ಯಾಕ್ಯೂಮ್ ಪೈಪುಗಳು ಇಂಜಿನ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಎಲ್ಲಿ ಸೋರುತ್ತಿದೆ ಅಂತ ಹುಡುಕೋದೇ ಒಂದು ಕೆಲಸ. ಅದಕ್ಕೇ ಎರಡನ್ನೂ ತೆಗೆಸಿ ಒಂದೇ ದೊಡ್ಡ ಬೋರ್ಗ್‌ವಾರ್ನರ್ ಟರ್ಬೊ, ಹಾಲ್ಟೆಕ್ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಹೊಸ ಇಂಜೆಕ್ಟರು, ಹೊಸ ಫ್ಯೂಯಲ್ ಪಂಪ್ ಹಾಕಿಸಿದ್ದೆ. ರೇಡಿಯೇಟರ್ ಮತ್ತು ಟರ್ಬೊ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರನ್ನು ವಿ ಆಕಾರದಲ್ಲಿ ಕೂರಿಸಿತ್ತು. ಟೆಕ್ಸಸ್ ಬೇಸಿಗೆಯಲ್ಲಿ ರೋಟರಿ ಓಡಿಸಬೇಕಂದ್ರೆ ಅದು ಬೇಕೇ ಬೇಕು. ಡೈನೋ ಮೇಲೆ ಚಕ್ರದಲ್ಲಿ 380 ಹಾರ್ಸ್‌ಪವರ್ ಬಂದಿತ್ತು. ಈ ಕಾರನ್ನು ನಾನು ತುಂಬಾ ಪ್ರೀತಿಸಿದ್ದೆ. ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಎರಡು ಸೀಟಿನ ಕಾರಿಗೆ ಗ್ಯಾರೇಜಿನಲ್ಲಿ ಜಾಗ ಉಳಿಯಲಿಲ್ಲ. ಮಾರೋದು ಅಂತ ಆಯಿತು.

ಊರಿನ ಒಬ್ಬ ದೊಡ್ಡ ಯೂಸ್ಡ್ ಕಾರ್ ಡೀಲರ್ ಹತ್ತಿರ ಹೋದರೆ, ಅವರ ಕಂಪ್ಯೂಟರಿನಲ್ಲಿ ವರ್ಷ ಮತ್ತು ಮೈಲೇಜಿಗೆ ಬಿಟ್ಟರೆ ಬೇರೆ ಜಾಗವೇ ಇಲ್ಲ. ಅವರ ಲೆಕ್ಕದಲ್ಲಿ ಬದಲಾಯಿಸಿದ ಪಾರ್ಟು ಅಂದರೆ ಬೆಲೆ ಇಳಿಸೋ ಕಾರಣ. ಪುಕ್ಕಟೆ ಜಾಹೀರಾತು ಹಾಕಿದರೆ ಬರೋ ಮೊದಲ ಪ್ರಶ್ನೆ ‘ಲಾಸ್ಟ್ ಪ್ರೈಸ್ ಎಷ್ಟು’, ಎರಡನೆಯದು ‘ಒಂದು ರೌಂಡ್ ಓಡಿಸಲಾ’.

ಇನ್ನು ಬೆಲೆಯ ವಿಷಯ. 2019ರಲ್ಲಿ ಫ್ಲಾರಿಡಾದ ಅಮೇಲಿಯಾ ಐಲ್ಯಾಂಡ್ ಹರಾಜಿನಲ್ಲಿ 1994ರ ಟೊಯೊಟಾ ಸುಪ್ರಾ ಟ್ವಿನ್ ಟರ್ಬೊ 1,73,600 ಡಾಲರಿಗೆ ಹೋಯಿತು. ಅದು ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಕಾರು. ಅದನ್ನು ನೋಡಿ ನಮ್ಮ ಕಾರಿಗೂ ಅಷ್ಟು ಸಿಗುತ್ತದೆ ಅಂತ ಸುಮ್ನೆ ಲೆಕ್ಕ ಹಾಕಬೇಡಿ. ಮಾಡಿಫೈ ಮಾಡಿದ ಕಾರಿನಲ್ಲಿ ಹಾಕಿದ ದುಡ್ಡು ಪೂರ್ತಿ ಯಾರಿಗೂ ವಾಪಸ್ ಬರೋದಿಲ್ಲ. ಕೆಲಸ ಯಾರು ಮಾಡಿದರು, ಹೇಗೆ ಮಾಡಿದರು ಅಂತ ತೋರಿಸಿದವರಿಗೆ ಮಾತ್ರ ಮರ್ಯಾದೆಯ ಬೆಲೆ ಬರುತ್ತದೆ.

ಬ್ರಿಂಗ್ ಎ ಟ್ರೇಲರ್ ನನಗೆ ಇಷ್ಟವಾಗಿದ್ದು ಇಲ್ಲೇ. ನಾನು ಹಾಕಿದಾಗ ಲಿಸ್ಟಿಂಗಿಗೆ 99 ಡಾಲರ್ ಇತ್ತು. ಬರಹ ಅವರೇ ಸಿದ್ಧ ಮಾಡುತ್ತಾರೆ, ಹೊಗಳಿಕೆ ಇಲ್ಲದೆ, ಇದ್ದದ್ದು ಇದ್ದ ಹಾಗೆ. ಬಾನೆಟ್ಟಿನ ಕಲ್ಲೇಟು, ಡ್ಯಾಶ್‌ಬೋರ್ಡಿನ ಬಿರುಕು ಎಲ್ಲದರ ಫೋಟೋ ಹಾಕಿದೆ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡೋ ವಿಡಿಯೋನೂ ಹಾಕಿದೆ. ಆಮೇಲೆ ಒಂದು ವಾರ ಯಾರು ಬೇಕಾದರೂ ಎಲ್ಲರೆದುರು ಪ್ರಶ್ನೆ ಕೇಳಬಹುದು. ಕೇಳೋರು ಬಲ್ಲವರು. ಟರ್ಬೊದಿಂದ ವಾಪಸ್ ಬರೋ ಆಯಿಲ್ ಪೈಪ್ ಎಷ್ಟು ದಪ್ಪ ಅಂತ ಒಬ್ಬರು ಕೇಳಿದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದಿರಾ ಅಂತ ಇನ್ನೊಬ್ಬರು. ಇಂಥ ಪ್ರಶ್ನೆ ಬಂದರೆ ಖುಷಿ ಆಗುತ್ತೆ ಅಲ್ವಾ? ನಾವು ಪಟ್ಟ ಶ್ರಮ ಅರ್ಥ ಆಗೋ ಜನ ಸಿಕ್ಕಿದ್ದಾರೆ ಅಂತ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಇಂಜಿನ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಟೆಸ್ಟ್. ರೋಟರಿಗೆ ಮಾಮೂಲಿ ಗೇಜ್ ಸಾಲದು. ಪಿಸ್ಟನ್ ಬದಲು ಒಳಗೆ ತಿರುಗೋ ಒಂದೊಂದು ರೋಟರ್‌ಗೂ ಮೂರು ಮುಖ. ಮಾಮೂಲಿ ಗೇಜು ಮೂರರಲ್ಲಿ ಗಟ್ಟಿಯಾದದ್ದನ್ನು ಮಾತ್ರ ತೋರಿಸುತ್ತದೆ, ಸೋತ ಸೀಲು ಅಡಗಿಬಿಡುತ್ತದೆ. ರೋಟರಿಗೇ ಇರೋ ಟೆಸ್ಟರ್ ಹಿಡಿಸಿ ಎರಡು ರೋಟರ್‌ಗಳ ಆರೂ ಮುಖದ ಅಳತೆ ಹಾಕಿದೆ. ಎಲ್ಲವೂ 110 ಪಿಎಸ್‌ಐಗಿಂತ ಮೇಲೆ. ಅದುವರೆಗೆ ಕುಂಟುತ್ತಿದ್ದ ಬಿಡ್ಡು ಆ ಕಾಗದ ಹಾಕಿದ ಮೇಲೆ ಏರತೊಡಗಿತು.

ಕ್ಯಾಲಿಫೋರ್ನಿಯಾದವರ ಪ್ರಶ್ನೆ ಒಂದೇ: ಸ್ಮಾಗ್ ಪಾಸಾಗುತ್ತಾ? ಆಗೋದಿಲ್ಲ ಅಂತ ನೇರವಾಗಿ ಬರೆದೆ. ಅಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ ಇದೆ. ಹೊಗೆ ಅಳೆಯೋದಷ್ಟೇ ಅಲ್ಲ, ಬಾನೆಟ್ ಎತ್ತಿ ಪಾರ್ಟುಗಳನ್ನೂ ನೋಡುತ್ತಾರೆ. ಹೊರಗಿನ ಟರ್ಬೊಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಒಪ್ಪಿಗೆ ನಂಬರ್ ಇಲ್ಲದಿದ್ದರೆ ಫೇಲು. ಆದರೆ ಕಂಪನಿ ಟರ್ಬೊಗಳು, ಕ್ಯಾಟಲಿಟಿಕ್ ಕನ್ವರ್ಟರ್, ಏರ್‌ಬಾಕ್ಸ್, ಹಳೇ ಇಸಿಯು ಎಲ್ಲಾ ಡಬ್ಬಗಳಲ್ಲಿ ಹೆಸರು ಬರೆದು ಇಟ್ಟಿದ್ದೆ. ಅವುಗಳ ಫೋಟೋ ಹಾಕಿದ ಕೂಡಲೇ ಆ ಕಡೆಯವರೂ ಹರಾಜಿಗೆ ಇಳಿದರು. ಹಳೇ ಪಾರ್ಟು ಗುಜರಿಗೆ ಹಾಕಬೇಡಿ, ದಯವಿಟ್ಟು.

ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಬಿಡ್ ಮಾಡಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ. ಕೊನೇ ಸೆಕೆಂಡಿನಲ್ಲಿ ಕಸಿದುಕೊಳ್ಳೋ ಆಟ ನಡೆಯೋದಿಲ್ಲ. ನನ್ನ ಕಾರು 33,500 ಡಾಲರಿಗೆ ನಿಂತಿತು. ಶೇಕಡಾ 5ರ ಫೀಸು ಕೊಳ್ಳುವವರದ್ದು, ನನ್ನ ದುಡ್ಡಿನಲ್ಲಿ ಒಂದು ಪೈಸೆ ಹಿಡಿಯಲಿಲ್ಲ.

ಇದು ಎಲ್ಲರಿಗೂ ಒಗ್ಗೋದಿಲ್ಲ. ವಾರವಿಡೀ ಕೂತು ಉತ್ತರ ಕೊಡೋ ಪುರುಸೊತ್ತು ಬೇಕು. ಉತ್ತರ ತಡವಾದರೆ ಜನಕ್ಕೆ ಅನುಮಾನ ಬರುತ್ತದೆ. ಹರಾಜು ಮುಗಿದ ಮೇಲೆ ಕಾರಿನ ಹಣ, ಟೈಟಲ್ (ಮಾಲೀಕತ್ವದ ಪತ್ರ), ಸಾಗಾಟ ಎಲ್ಲಾ ನೀವು ಮತ್ತು ಕೊಳ್ಳುವವರು ಮಾತಾಡಿಕೊಂಡೇ ಮುಗಿಸಬೇಕು. ನಾನು ಬ್ಯಾಂಕಿಗೆ ಫೋನ್ ಮಾಡಿ ವೈರ್ ಮೂಲಕ ಕಳಿಸಿದ ಹಣ ಬಂದಿದ್ದು ಖಾತ್ರಿ ಮಾಡಿಕೊಂಡ ಮೇಲೇ ಟೈಟಲಿಗೆ ಸಹಿ ಹಾಕಿದೆ. ಮುಚ್ಚಿದ ಟ್ರಕ್ಕು ಕೊಂಡವರೇ ಕಳಿಸಿದರು. ಕಾರಿನ ಮೂಗು ನೆಲಕ್ಕೆ ಹತ್ತಿರ ಇತ್ತು, ಅದಕ್ಕೆ ಉದ್ದನೆಯ ರ‍್ಯಾಂಪ್ ಬೇಕು ಅಂತ ಡ್ರೈವರಿಗೆ ಮೊದಲೇ ಹೇಳಿದ್ದೆ. ನೀವೂ ಹೇಳಿ.

ಟೆಕ್ಸಸ್‌ನಲ್ಲಿ ಇರೋರು ನಂಬರ್ ಪ್ಲೇಟ್ ಬಿಚ್ಚಿಟ್ಟುಕೊಳ್ಳಿ. ಮಾರಿದ 30 ದಿನದೊಳಗೆ ರಾಜ್ಯದ ಮೋಟಾರು ವಾಹನ ಇಲಾಖೆಗೆ ಮಾರಾಟದ ಮಾಹಿತಿ ಕೊಡಿ. ಆನ್‌ಲೈನಿನಲ್ಲೇ ಆಗುತ್ತದೆ, ದುಡ್ಡಿಲ್ಲ. ಕೊಂಡವರು ಹೆಸರು ಬದಲಾಯಿಸೋಕೆ ತಡ ಮಾಡಿದರೂ ಟೋಲ್ ಬಿಲ್ಲುಗಳು ನಿಮ್ಮ ಮನೆಗೆ ಬರೋದು ತಪ್ಪುತ್ತದೆ.